ಕೊಳವೆಯ ಅಳತೆ ಮೊದಲು ಹೇಳಿ

ಕಳೆದ ಮಳೆಗಾಲದಲ್ಲಿ ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಗೆ ಒಂದು ಡ್ರಾಯಿಂಗ್ ಬಂತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕೀಲು, ಅದರೊಳಗೊಂದು ಸ್ಪ್ರಿಂಗ್. ಮಡಚಿಟ್ಟ ರೆಕ್ಕೆಯನ್ನು ಬಿಚ್ಚಿ ಗಟ್ಟಿಯಾಗಿ ನಿಲ್ಲಿಸುವುದು ಅದರ ಕೆಲಸ. ಆ ಕಾರ್ಖಾನೆಯಲ್ಲಿ ಗುಣಮಟ್ಟದ ಹೊಣೆ ನನ್ನದು. ಟೂಲ್‌ರೂಮಿನಲ್ಲಿ ಮೂವತ್ತು ವರ್ಷದಿಂದ ಬೈಕಿನ ಬಿಡಿಭಾಗಗಳಿಗೆ ಡೈ ಮಾಡುತ್ತಾ ಬಂದ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಅವರು ಕನ್ನಡಕ ಏರಿಸಿ ಡ್ರಾಯಿಂಗ್ ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಹೇ ಕುಠೇ ಉಘಡಣಾರ್, ಸಾಹೇಬ್?’ ಇದು ತೆರೆದುಕೊಳ್ಳುವುದು ಎಲ್ಲಿ ಸಾಹೇಬರೇ, ಎಂದು.

ನನ್ನ ಬಳಿ ಉತ್ತರವಿರಲಿಲ್ಲ. ಡ್ರಾಯಿಂಗಿನಲ್ಲಿ ಅಳತೆ ಇತ್ತು, ಲೋಹದ ಹೆಸರಿತ್ತು, ಎಷ್ಟು ಬೇಕೆಂಬ ಸಂಖ್ಯೆ ಇತ್ತು. ಯಾವ ವೇಗದ ಗಾಳಿಯಲ್ಲಿ, ಎಷ್ಟು ಚಳಿಯಲ್ಲಿ, ಎಷ್ಟು ವರ್ಷ ಮಡಚಿಟ್ಟ ಮೇಲೆ ತೆರೆಯಬೇಕು ಎಂಬುದು ಇರಲಿಲ್ಲ. ಕೆಲಸ ಕೊಟ್ಟವರನ್ನು ಕೇಳಿದೆ. ವಿಮಾನದಿಂದ ಬಿಡುವ ಡ್ರೋನಿಗೆ ಎಂದರು. ಯಾವ ವಿಮಾನ ಎಂದರೆ ಅವರಿಗೂ ಗೊತ್ತಿರಲಿಲ್ಲ. ಹೆಸರು ಹೇಳಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಆದರೆ ಕಾಕಾ ಕೇಳಿದ ಪ್ರಶ್ನೆ ಒಂದು ಕಾರ್ಖಾನೆಯದಷ್ಟೇ ಅಲ್ಲ. ಹಾರುತ್ತಿರುವ ಗಸ್ತು ವಿಮಾನದಿಂದ ಸಣ್ಣ ಮಾನವರಹಿತ ವಿಮಾನವನ್ನು ಬಿಡುವ ವಿದ್ಯೆಯಲ್ಲಿ ನಮ್ಮ ದೇಶ ಎಲ್ಲಿ ತಡವರಿಸುತ್ತಿದೆ ಎಂಬುದಕ್ಕೆ ಅದೇ ಉತ್ತರ.

ವಿಷಯ ಕೇಳಲು ದೊಡ್ಡದು, ಅರ್ಥ ಮಾಡಿಕೊಳ್ಳಲು ಸುಲಭ. ಸಮುದ್ರದ ಮೇಲೆ ಗಸ್ತು ತಿರುಗುವ ದೊಡ್ಡ ವಿಮಾನಗಳ ಹೊಟ್ಟೆಯಲ್ಲಿ ಕೊಳವೆಗಳಿರುತ್ತವೆ. ಅವುಗಳ ಮೂಲಕ ಸೋನೋಬಾಯ್ ಎಂಬ ಉಪಕರಣವನ್ನು ನೀರಿಗೆ ಬಿಡುತ್ತಾರೆ. ಅದು ನೀರಿನಡಿಯ ಸದ್ದನ್ನು ಕೇಳಿಸಿಕೊಂಡು ಜಲಾಂತರ್ಗಾಮಿಯ ಸುಳಿವನ್ನು ರೇಡಿಯೊ ಮೂಲಕ ವಿಮಾನಕ್ಕೆ ತಿಳಿಸುತ್ತದೆ. ಹೆಚ್ಚು ಬಳಕೆಯಲ್ಲಿರುವ ಸೋನೋಬಾಯ್ ಸುಮಾರು 124 ಮಿಲಿಮೀಟರ್ ದಪ್ಪ, 914 ಮಿಲಿಮೀಟರ್ ಉದ್ದ. ಅಂದರೆ ಮೂರು ಅಡಿಯ ಪಿವಿಸಿ ಪೈಪಿನ ತುಂಡು ಎಂದುಕೊಳ್ಳಿ. ಅದೇ ಅಳತೆಯೊಳಗೆ ರೆಕ್ಕೆ ಮಡಚಿದ ಸಣ್ಣ ವಿಮಾನವನ್ನು ತುಂಬಿದರೆ, ದೊಡ್ಡ ವಿಮಾನದಲ್ಲಿ ಹೊಸದಾಗಿ ಏನನ್ನೂ ಕೊರೆಯದೆ, ಬಾಂಬಿನಂತೆ ರೆಕ್ಕೆಗೆ ನೇತುಹಾಕದೆ, ಇರುವ ಕೊಳವೆಯಿಂದಲೇ ಬಿಡಬಹುದು. ಉಪಾಯದ ಸಾರ ಇಷ್ಟೇ.

ಇದು ಕಾಗದದ ಮೇಲಿನ ಕನಸಲ್ಲ. 2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹವಾಮಾನ ಮತ್ತು ಸಾಗರ ಸಂಸ್ಥೆ ನೋವಾ, ತನ್ನ ಪಿ-3 ಒರಾಯನ್ ವಿಮಾನದಿಂದ ಕಯೋಟಿ ಎಂಬ ಸಣ್ಣ ವಿಮಾನವನ್ನು ಎಡ್ವರ್ಡ್ ಚಂಡಮಾರುತದೊಳಕ್ಕೆ ಬಿಟ್ಟಿತು. ಪಿ-3 ಮೂಲತಃ ಜಲಾಂತರ್ಗಾಮಿ ಬೇಟೆಯ ಗಸ್ತು ವಿಮಾನ. ಕಯೋಟಿಯ ತೂಕ ಸುಮಾರು ಆರು ಕಿಲೋ, ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್. ಚಂಡಮಾರುತದಲ್ಲಿ ಸಮುದ್ರಕ್ಕೆ ಹತ್ತಿರವಾದ ಗಾಳಿಯನ್ನು ಅಳೆಯುವುದು ಮುಖ್ಯ, ಆದರೆ ಮನುಷ್ಯರಿರುವ ವಿಮಾನ ಅಷ್ಟು ಕೆಳಗೆ ಹೋಗುವಂತಿಲ್ಲ. 1989ರಲ್ಲಿ ಹ್ಯೂಗೊ ಚಂಡಮಾರುತವನ್ನು ಸುಮಾರು 1,500 ಅಡಿ ಎತ್ತರದಲ್ಲಿ ಹೊಕ್ಕ ನೋವಾ ವಿಮಾನದ ಒಂದು ಎಂಜಿನ್ ಕೆಟ್ಟು, ಒಳಗಿದ್ದವರು ಸ್ವಲ್ಪದರಲ್ಲಿ ಬದುಕಿ ಬಂದರು. ಅಂಥ ಕಡೆ ಮನುಷ್ಯರ ಬದಲು ಆರು ಕಿಲೋದ ಯಂತ್ರ ಹೋಗಲಿ ಎಂಬುದು ಲೆಕ್ಕಾಚಾರ. 2022ರಲ್ಲಿ ಇಯಾನ್ ಚಂಡಮಾರುತಕ್ಕೆ ಇದೇ ರೀತಿ ಆಲ್ಟಿಯಸ್ ಎಂಬ, ಇನ್ನೂ ಹೆಚ್ಚು ಹೊತ್ತು ಹಾರುವ ವಿಮಾನವನ್ನು ಬಿಟ್ಟರು.

ನಮಗೆ ಇದು ಏಕೆ ಬೇಕು? ಕರಾವಳಿಯ ಓದುಗರಿಗೆ 2018ರ ಡಿಸೆಂಬರ್ ನೆನಪಿರಬೇಕು. ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಮಹಾರಾಷ್ಟ್ರದ ಮಾಲ್ವಣ್ ಬಳಿ ಕಾಣೆಯಾಯಿತು. ಉಡುಪಿ, ಉತ್ತರ ಕನ್ನಡದ ಮನೆಗಳು ತಿಂಗಳುಗಟ್ಟಲೆ ಕಾದವು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ನೌಕಾಪಡೆಯ ‘ನಿರೀಕ್ಷಕ್’ ಹಡಗಿಗೆ, ಸಮುದ್ರದ ತಳದಲ್ಲಿ. ಸಣ್ಣ ವಿಮಾನವೊಂದಿದ್ದಿದ್ದರೆ ಆ ಏಳು ಜೀವ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ, ಹಾಗೆ ಹೇಳುವುದು ಆ ಮನೆಗಳಿಗೆ ಮಾಡುವ ಅನ್ಯಾಯ. ಹೇಳಬಹುದಾದದ್ದು ಇಷ್ಟು: ಸಮುದ್ರದಲ್ಲಿ ಹುಡುಕುವುದೆಂದರೆ ಹೊತ್ತಿನ ಜೊತೆ, ವಿಸ್ತಾರದ ಜೊತೆ ಜಗಳ. ಒಂದು ದೊಡ್ಡ ವಿಮಾನ ಒಮ್ಮೆಗೆ ಒಂದೇ ಕಡೆ ಕೆಳಗಿಳಿದು ನೋಡಬಲ್ಲದು. ಅದೇ ವಿಮಾನ ನಾಲ್ಕು ಸಣ್ಣವನ್ನು ಬಿಟ್ಟು ತಾನು ಮೇಲಿದ್ದರೆ ನಾಲ್ಕು ಕಡೆ ಒಟ್ಟಿಗೆ ನೋಡಬಲ್ಲದು.

ಹತ್ತಿರದಿಂದ ನೋಡುವುದಕ್ಕೆ ಇನ್ನೊಂದು ಬೆಲೆಯೂ ಇದೆ. 2008ರ ನವೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ ನಮ್ಮ ಐಎನ್‌ಎಸ್ ತಬರ್ ಕಡಲ್ಗಳ್ಳರ ಹಡಗೆಂದು ಒಂದನ್ನು ಮುಳುಗಿಸಿತು. ಅದು ಕಳ್ಳರು ವಶಪಡಿಸಿಕೊಂಡಿದ್ದ ಥಾಯ್ಲೆಂಡಿನ ಮೀನುಗಾರಿಕಾ ಹಡಗು, ಮೇಲೆ ಒತ್ತೆಯಾಳುಗಳಿದ್ದರು ಎಂದು ಆಮೇಲೆ ತಿಳಿಯಿತು. ಮೊದಲು ಗುಂಡು ಬಂದದ್ದು ಆ ಹಡಗಿನಿಂದ, ತಾನು ಆತ್ಮರಕ್ಷಣೆಗೆ ಹೊಡೆದೆ ಎಂದು ನೌಕಾಪಡೆ ವಿವರಿಸಿತು. ಅದರಲ್ಲಿ ತಪ್ಪು ಹುಡುಕಲು ಹೊರಟಿಲ್ಲ. ಡೆಕ್ಕಿನ ಮೇಲೆ ಯಾರಿದ್ದಾರೆ ಎಂದು ನೋಡುವ ಕಣ್ಣು ಆ ಹೊತ್ತಿಗೆ ಬೇಕಿತ್ತು, ಅಷ್ಟೆ.

ಹದಿನೈದು ವರ್ಷಗಳ ನಂತರದ ಪ್ರಸಂಗವನ್ನು ಪಕ್ಕದಲ್ಲಿಟ್ಟು ನೋಡಿ. 2024ರ ಮಾರ್ಚ್‌ನಲ್ಲಿ ಅಪಹೃತ ‘ರೂಯೆನ್’ ಹಡಗಿನ ಎದುರು ಐಎನ್‌ಎಸ್ ಕೋಲ್ಕತಾ ನಿಂತಾಗ, ಮೊದಲು ಹೋದದ್ದು ಹಡಗಿನಿಂದ ಬಿಟ್ಟ ಡ್ರೋನ್. ಒಳಗೆ ಶಸ್ತ್ರಸಜ್ಜಿತ ಕಳ್ಳರಿರುವುದು ಖಚಿತವಾಯಿತು. ಕಳ್ಳರು ಡ್ರೋನನ್ನು ಹೊಡೆದುರುಳಿಸಿದರು. ಹೋದದ್ದು ಯಂತ್ರ. ಪಿ-8ಐ ಗಸ್ತು ವಿಮಾನ ಮೇಲಿನಿಂದ ಕಾಯುತ್ತಿತ್ತು, ವಾಯುಪಡೆಯ ಸಿ-17 ವಿಮಾನ ಮರೀನ್ ಕಮಾಂಡೊಗಳನ್ನೂ ಅವರ ದೋಣಿಗಳನ್ನೂ ಸಮುದ್ರಕ್ಕಿಳಿಸಿತು. ಕೊನೆಗೆ 35 ಕಡಲ್ಗಳ್ಳರು ಶರಣಾದರು, 17 ನಾವಿಕರು ಬದುಕಿ ಬಂದರು. ಆ ದಿನ ಯುದ್ಧನೌಕೆ ಹತ್ತಿರವಿತ್ತು. ಇಲ್ಲದ ದಿನ ಏನು? ಮೇಲೆ ಹಾರುತ್ತಿರುವ ಗಸ್ತು ವಿಮಾನವೊಂದೇ ಇರುವಾಗ, ಅದರ ಸಿಬ್ಬಂದಿಯೇ ಗುಂಡಿನ ಎಟುಕಿಗೆ ಇಳಿಯಬೇಕೇ?

ಗಸ್ತು ವಿಮಾನ ದೊಡ್ಡದು, ನಿಧಾನದ್ದು, ಜನ ತುಂಬಿರುವುದು. 1999ರ ಆಗಸ್ಟ್ 10ರಂದು ಕಛ್ ಗಡಿಯ ಬಳಿ ನಮ್ಮ ಮಿಗ್-21 ಪಾಕಿಸ್ತಾನದ ಅಟ್ಲಾಂಟಿಕ್ ಗಸ್ತು ವಿಮಾನವನ್ನು ಹೊಡೆದಾಗ ಅದರಲ್ಲಿದ್ದ 16 ಮಂದಿಯೂ ಸತ್ತರು. ಅಂದು ಹೊಡೆದವರು ನಾವು. ಆದರೆ ಪಾಠ ಎರಡೂ ಕಡೆಗೆ ಒಂದೇ: ಇಂಥ ವಿಮಾನ ಎಷ್ಟು ದೂರದಲ್ಲಿದ್ದರೆ ಅಷ್ಟು ಕ್ಷೇಮ. ದೂರದಲ್ಲಿದ್ದೂ ಹತ್ತಿರದಿಂದ ನೋಡಲು ಇರುವ ದಾರಿ ಸಣ್ಣ ವಿಮಾನವನ್ನು ಕಳಿಸುವುದು.

ಇದಕ್ಕೆ ಭೂಗೋಳವೂ ಸಹಾಯ ಮಾಡುತ್ತದೆ. ಭೂಮಿ ದುಂಡಗಿರುವುದರಿಂದ ಹಡಗಿನ ಮೇಲೆ ಹದಿನೈದು ಮೀಟರ್ ಎತ್ತರದಲ್ಲಿರುವ ಆಂಟೆನಾಕ್ಕೆ ಸಮುದ್ರದ ಮೈ ಕಾಣುವುದು ಸುಮಾರು 14 ಕಿಲೋಮೀಟರ್ ತನಕ. ಅದರಾಚೆ ಅಲೆಗಳ ಮಟ್ಟಕ್ಕೆ ಇಳಿದ ಡ್ರೋನಿನ ಜೊತೆ ಮಾತು ಕಡಿದುಹೋಗುತ್ತದೆ. ಎಂಟೂವರೆ ಕಿಲೋಮೀಟರ್ ಮೇಲಿರುವ ವಿಮಾನಕ್ಕೆ ದಿಗಂತ 300 ಕಿಲೋಮೀಟರಿಗೂ ಆಚೆ. ಹಾಗಾಗಿ ಗಸ್ತು ವಿಮಾನ ಡ್ರೋನನ್ನು ಬಿಡುವ ಕೈಯಷ್ಟೇ ಅಲ್ಲ, ಅದರ ಮಾತು ಕೇಳುವ ಕಿವಿಯೂ ಹೌದು.

ನಮ್ಮ ದೇಶ ಈ ದಿಕ್ಕಿನಲ್ಲಿ ಕೈಕಟ್ಟಿ ಕೂತಿಲ್ಲ. 2021ರ ಜುಲೈ 30ರಂದು ಭಾರತದ ರಕ್ಷಣಾ ಸಚಿವಾಲಯವೂ ಅಮೆರಿಕದ ರಕ್ಷಣಾ ಇಲಾಖೆಯೂ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ವಿಮಾನದಿಂದ ಬಿಡುವ ಮಾನವರಹಿತ ವಿಮಾನದ ಮಾದರಿಯೊಂದನ್ನು ಜಂಟಿಯಾಗಿ ರೂಪಿಸಿ, ಹಾರಿಸಿ ನೋಡುವ ಒಪ್ಪಂದ ಅದು. ನಮ್ಮ ಕಡೆಯಿಂದ ಅದರ ಹೊಣೆ ಬೆಂಗಳೂರಿನ ಎಡಿಇ, ಅಂದರೆ ಡಿಆರ್‌ಡಿಒದ ವೈಮಾನಿಕ ಅಭಿವೃದ್ಧಿ ಸಂಸ್ಥೆಯದು. ಅದೇ ವರ್ಷದ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಎಚ್‌ಎಎಲ್ ತನ್ನ ‘ಕ್ಯಾಟ್ಸ್’ ಯೋಜನೆಯನ್ನು ತೋರಿಸಿತು. ಅದರ ಒಂದು ಭಾಗ ‘ಆಲ್ಫಾ’: ಯುದ್ಧವಿಮಾನದಿಂದ ಬಿಡುವ ದೊಡ್ಡ ಪೆಟ್ಟಿಗೆಯಂಥ ವಾಹಕ, ಅದರೊಳಗಿಂದ ಹೊರಬರುವ ಡ್ರೋನುಗಳ ಹಿಂಡು. ಜೊತೆಗಿದ್ದದ್ದು ಬೆಂಗಳೂರಿನ ನ್ಯೂಸ್ಪೇಸ್ ಸಂಸ್ಥೆ.

ಇನ್ನು ನಾಸಿಕ್. ಇಲ್ಲಿಯ ಓಝರ್‌ನಲ್ಲಿ 1964ರಿಂದ ಎಚ್‌ಎಎಲ್ ಇದೆ. ಮಿಗ್-21 ಇಲ್ಲಿ ತಯಾರಾಯಿತು, ನಂತರ ಸುಖೋಯ್-30, ಈಗ ತೇಜಸ್. ನಾಸಿಕ್‌ನಲ್ಲಿ ತಯಾರಾದ ಮೊದಲ ತೇಜಸ್ ಮಾರ್ಕ್-1ಎ 2025ರ ಅಕ್ಟೋಬರ್ 17ರಂದು ಹಾರಿತು. ನಮ್ಮ ವಿಷಯಕ್ಕೆ ಹತ್ತಿರವಾದ ಪಾಠ ಸಿಕ್ಕಿದ್ದು ಮಾತ್ರ ಸುಖೋಯ್‌ನಿಂದ. ಎರಡೂವರೆ ಟನ್ ತೂಕದ ಬ್ರಹ್ಮೋಸ್ ಕ್ಷಿಪಣಿಯನ್ನು ಆ ವಿಮಾನದ ಹೊಟ್ಟೆಗೆ ಕಟ್ಟಲು ಓಝರ್‌ನಲ್ಲಿ ವಿಮಾನವನ್ನೇ ಬಲಪಡಿಸಬೇಕಾಯಿತು. 2016ರ ಜೂನ್ 25ರಂದು ಕ್ಷಿಪಣಿ ಹೊತ್ತ ಸುಖೋಯ್ ಇಲ್ಲಿಂದ ಮೊದಲ ಬಾರಿಗೆ ಹಾರಿತು. ಕ್ಷಿಪಣಿಯನ್ನು ನಿಜವಾಗಿ ಬಿಟ್ಟದ್ದು 2017ರ ನವೆಂಬರ್ 22ರಂದು, ಬಂಗಾಳ ಕೊಲ್ಲಿಯ ಮೇಲೆ. ಹೊತ್ತು ಹಾರುವುದಕ್ಕೂ ಬಿಡುವುದಕ್ಕೂ ನಡುವೆ ಹದಿನೇಳು ತಿಂಗಳು. ಬಿಡುವುದು ಎಂಬ ಕ್ರಿಯೆ ಎಷ್ಟು ಕಷ್ಟದ್ದು ಎಂದು ಆ ಅಂತರವೇ ಹೇಳುತ್ತದೆ.

ಸಣ್ಣ ವಿಮಾನವಾದರೆ ಬಿಡುವುದು ಸುಲಭ ಎಂದುಕೊಳ್ಳಬೇಡಿ. ತೂಕದ ಕಷ್ಟ ಹೋಗುತ್ತದೆ, ಬೇರೆ ಕಷ್ಟಗಳು ಬರುತ್ತವೆ. ಗಸ್ತು ವಿಮಾನ ಕೆಳಗಿಳಿದು ನಿಧಾನವಾಗಿ ಹಾರಿದರೂ ಗಂಟೆಗೆ 350 ಕಿಲೋಮೀಟರಿನ ಆಸುಪಾಸು. ಸಣ್ಣ ವಿಮಾನದ ನಡಿಗೆ ನೂರು, ನೂರಿಪ್ಪತ್ತು. ವೇಗ ಮೂರು ಪಟ್ಟಾದರೆ ಗಾಳಿಯ ಹೊಡೆತ ಒಂಬತ್ತು ಪಟ್ಟಾಗುತ್ತದೆ. ಆ ಗಾಳಿಗೆ ರೆಕ್ಕೆ ತೆರೆದರೆ ಮುರಿಯುತ್ತದೆ. ಅದಕ್ಕೆ ಮೊದಲು ಪ್ಯಾರಾಚೂಟ್ ಬಿಚ್ಚಬೇಕು, ವೇಗ ಇಳಿಯಬೇಕು, ಹೊರಳಾಟ ನಿಲ್ಲಬೇಕು, ಆಮೇಲೆ ರೆಕ್ಕೆ, ಆಮೇಲೆ ಮೋಟಾರು, ಆಮೇಲೆ ಪ್ಯಾರಾಚೂಟ್ ಕಳಚಿಕೊಳ್ಳಬೇಕು. ಒಂದು ಹೆಜ್ಜೆ ಹಿಂದುಮುಂದಾದರೂ ಅದು ವಿಮಾನವಲ್ಲ, ಸಮುದ್ರಕ್ಕೆ ಬೀಳುವ ಪೈಪು. ಎತ್ತರದಿಂದ ಬಿಡುವುದಾದರೆ ಚಳಿಯೂ ಇದೆ. ಎಂಟೂವರೆ ಕಿಲೋಮೀಟರ್ ಮೇಲೆ ಸುಮಾರು ಮೈನಸ್ 40 ಡಿಗ್ರಿ. ಆ ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಗ್ರೀಸ್ ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಗಾಜಿನಂತೆ ಒಡೆಯುತ್ತದೆ. ಇಷ್ಟೂ ಸಾಲದೆಂಬಂತೆ, ಈ ವಸ್ತು ಗೋದಾಮಿನಲ್ಲಿ ವರ್ಷಗಟ್ಟಲೆ ಮಡಚಿಕೊಂಡು ಮಲಗಿದ್ದು, ಒಂದು ದಿನ ಕೆಲವೇ ಸೆಕೆಂಡಿನಲ್ಲಿ ತಪ್ಪದೆ ಎದ್ದು ನಿಲ್ಲಬೇಕು. ಹಾರಿದ ಮೇಲೆ ಮರಳಿ ಬರುವುದಿಲ್ಲ, ಸಮುದ್ರಕ್ಕೇ ಹೋಗುತ್ತದೆ. ಆದ್ದರಿಂದ ಅಗ್ಗವಾಗಿಯೂ ಇರಬೇಕು.

ಅಗ್ಗ, ಸಾವಿರಗಟ್ಟಲೆ, ಒಂದೂ ತಪ್ಪಬಾರದು. ಈ ಮೂರೂ ಒಟ್ಟಿಗೆ ಬೇಕಾದ ಕೆಲಸವನ್ನು ದಿನವೂ ಮಾಡುವ ಊರು ಯಾವುದು ಎಂದರೆ ನಾನು ಯೋಚಿಸದೆ ಸಂಭಾಜಿನಗರದ ಕಡೆ ಕೈ ತೋರಿಸುತ್ತೇನೆ. ವಾಳೂಜ್‌ನಲ್ಲಿ ಬಜಾಜ್ ಬಂದ ಮೇಲೆ ಅದರ ಸುತ್ತ ಬೆಳೆದ ನೂರಾರು ಸಣ್ಣ ಘಟಕಗಳು ಸ್ಪ್ರಿಂಗು, ಕೀಲು, ಲಾಕು, ಕೇಬಲ್, ಪ್ಲಾಸ್ಟಿಕ್ ಅಚ್ಚುಗಳನ್ನು ಇದೇ ಮಾನದಲ್ಲಿ ಮಾಡುತ್ತಿವೆ. ಬೈಕಿನ ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್ ಹತ್ತು ವರ್ಷ ಮಳೆ, ಧೂಳು, ಒದೆತ ತಿಂದೂ ಕೆಲಸ ಮಾಡುತ್ತದಲ್ಲ, ಅದು ತಾನೇ ತಾನಾಗಿ ಬಂದ ಗುಣವಲ್ಲ. ಪೆಟ್ರೋಲ್ ಎಂಜಿನ್ನಿನ ಬೈಕಿಗೆ ಬೇಡಿಕೆ ಮುಂದೆ ಹೇಗೋ ಎಂಬ ಆತಂಕ ಈ ಘಟಕಗಳಲ್ಲಿದೆ. ಹೊಸ ಕೆಲಸಕ್ಕೆ ಅವು ಕಾಯುತ್ತಿವೆ.

ಈಗ ಭೂಪಟ ನೋಡಿ. ವಿನ್ಯಾಸ ಮಾಡುವವರು ಬೆಂಗಳೂರಿನಲ್ಲಿ. ವಿಮಾನ ಜೋಡಿಸುವ ಅನುಭವಿಗಳು ಓಝರ್‌ನಲ್ಲಿ. ಬಿಡಿಭಾಗ ಮಾಡಬಲ್ಲವರು ವಾಳೂಜ್, ಶೇಂದ್ರಾದಲ್ಲಿ. ಬಳಸಬೇಕಾದವರು ಪಿ-8ಐ ವಿಮಾನಗಳಿರುವ ತಮಿಳುನಾಡಿನ ಅರಕ್ಕೋಣಂ ಮತ್ತು ಗೋವಾದ ನೌಕಾನೆಲೆಗಳಲ್ಲಿ. ನಾಸಿಕ್‌ಗೂ ಸಂಭಾಜಿನಗರಕ್ಕೂ ನಡುವೆ ಸಮೃದ್ಧಿ ಹೆದ್ದಾರಿ ಬಂದ ಮೇಲೆ ದಾರಿ ಚುರುಕಾಗಿದೆ. ಆದರೆ ಈ ನಾಲ್ಕು ಕಡೆಯವರು ಒಬ್ಬರೊಡನೊಬ್ಬರು ಮಾತಾಡುವ ದಾರಿ ಇನ್ನೂ ಕಚ್ಚಾ ರಸ್ತೆ. ಡ್ರಾಯಿಂಗ್ ಬೆಂಗಳೂರಿನಿಂದಲೋ ಪುಣೆಯಿಂದಲೋ ಹೊರಟು ಮೂರು ಕೈ ದಾಟಿ ವಾಳೂಜ್ ಮುಟ್ಟುವಾಗ ಅಳತೆ ಉಳಿದು ಅರ್ಥ ಕಳೆದುಹೋಗಿರುತ್ತದೆ. ನಮ್ಮ ಕೀಲಿಗೆ ಆದದ್ದೂ ಇದೇ. ಕಾಕಾ ತಮ್ಮ ಅಂದಾಜಿನಲ್ಲಿ ಸ್ಪ್ರಿಂಗನ್ನು ಗಟ್ಟಿ ಮಾಡಿದರು. ಗಟ್ಟಿಯಾಯಿತು, ರೆಕ್ಕೆಯ ಬುಡ ಬಿರುಕು ಬಿಟ್ಟಿತು ಎಂದು ವಾಪಸ್ ಬಂತು. ಮೆದು ಮಾಡಿದರು. ಪೂರ್ತಿ ತೆರೆಯಲಿಲ್ಲ ಎಂದು ಮತ್ತೆ ವಾಪಸ್ ಬಂತು. ಆಮೇಲೆ ಪತ್ರವೂ ಬರಲಿಲ್ಲ, ಡ್ರಾಯಿಂಗೂ ಬರಲಿಲ್ಲ. ಡೈಗೆ ಹಾಕಿದ ದುಡ್ಡು ಮಾಲೀಕರ ಲೆಕ್ಕದಲ್ಲಿ ನಷ್ಟವಾಗಿ ಉಳಿಯಿತು.

ಒಟ್ಟಿಗೆ ಕೂತರೆ ಕೆಲಸವಾಗುತ್ತದೆ ಎನ್ನುವುದಕ್ಕೆ ಇದೇ ಸೀಮೆಯಲ್ಲಿ ಸಾಕ್ಷಿ ಇದೆ. ಸಂಭಾಜಿನಗರದ ಪಕ್ಕದ ಅಹಿಲ್ಯಾನಗರದಲ್ಲಿ ಡಿಆರ್‌ಡಿಒದ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ ಇದೆ. ‘ನಿಶಾಂತ್’ ಮಾನವರಹಿತ ವಿಮಾನಕ್ಕೆ ಬೇಕಾದ ವ್ಯಾಂಕಲ್ ಎಂಜಿನನ್ನು ಆ ಸಂಸ್ಥೆ, ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ ಸೇರಿ ಅಭಿವೃದ್ಧಿಪಡಿಸಿದವು. 2009ರ ಮಾರ್ಚ್‌ನಲ್ಲಿ ಕೋಲಾರದಲ್ಲಿ ನಿಶಾಂತ್ ಆ ದೇಶಿ ಎಂಜಿನ್ನಿನಿಂದ ಹಾರಿತು. ಮಹಾರಾಷ್ಟ್ರದ ಕೆಲಸಗಾರ ಕೈಯೂ ಕರ್ನಾಟಕದ ವಿನ್ಯಾಸವೂ ಒಂದೇ ಯಂತ್ರದಲ್ಲಿ ಸೇರಿದ ಉದಾಹರಣೆ ಅದು. ಎಂಜಿನ್ನಿಗೆ ಆದದ್ದು ಕೀಲಿಗೆ ಏಕಾಗಬಾರದು?

ನನ್ನ ಬೇಡಿಕೆ ಒಂದೇ. ಗಸ್ತು ವಿಮಾನದಿಂದ ಬಿಡುವ ಸಣ್ಣ ವಿಮಾನಕ್ಕೆ ದೇಶದ್ದೇ ಒಂದು ಕೊಳವೆಯ ಅಳತೆಯನ್ನು ರಕ್ಷಣಾ ಸಚಿವಾಲಯ ನಿಗದಿ ಮಾಡಿ ಬಹಿರಂಗವಾಗಿ ಪ್ರಕಟಿಸಬೇಕು. ಅಳತೆ ಎಂದರೆ ದಪ್ಪ, ಉದ್ದ ಮಾತ್ರವಲ್ಲ. ಕೊಳವೆಯಿಂದ ತಳ್ಳುವ ಹೊಡೆತ ಎಷ್ಟು, ಬಿಡುವ ಹೊತ್ತಿನ ವೇಗ ಮತ್ತು ಎತ್ತರ ಯಾವ ಮಿತಿಯೊಳಗೆ, ಎಷ್ಟು ಚಳಿ ಎಷ್ಟು ಬಿಸಿ ತಡೆಯಬೇಕು, ಎಷ್ಟು ವರ್ಷ ಗೋದಾಮಿನಲ್ಲಿರಬೇಕು, ವಿದ್ಯುತ್ ಮತ್ತು ರೇಡಿಯೊ ಸಂಪರ್ಕ ಯಾವ ಬಗೆಯದು. ಇಷ್ಟು ಹತ್ತು ಪುಟದಲ್ಲಿ ಮುಗಿಯುವ ಸಂಗತಿ. ಆ ಹತ್ತು ಪುಟ ಇದ್ದರೆ ವಾಳೂಜ್‌ನ ಕಾಕಾಗೂ, ಹುಬ್ಬಳ್ಳಿ ಗೋಕುಲ ರಸ್ತೆಯ ವರ್ಕ್‌ಶಾಪಿನವರಿಗೂ, ಬೆಳಗಾವಿಯ ಫೌಂಡ್ರಿಯವರಿಗೂ ಉತ್ತರ ಸಿಗುತ್ತದೆ.

ಇದಕ್ಕೆ ಇದೇ ಸಮಯ ಏಕೆ? ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಗೆ ಸಿ-295 ಆಧಾರಿತ 15 ಹೊಸ ಕಡಲ ಗಸ್ತು ವಿಮಾನಗಳ ಪ್ರಸ್ತಾವಕ್ಕೆ ರಕ್ಷಣಾ ಖರೀದಿ ಮಂಡಳಿ 2024ರ ಫೆಬ್ರುವರಿಯಲ್ಲಿ ಒಪ್ಪಿಗೆ ಕೊಟ್ಟಿದೆ. ಸಿ-295 ವಿಮಾನವನ್ನು ಜೋಡಿಸುವ ಟಾಟಾ-ಏರ್‌ಬಸ್ ಕಾರ್ಖಾನೆ ವಡೋದರದಲ್ಲಿ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದೆ. ಕಡಲ ಗಸ್ತಿಗೆ ಬೇಕಾದ ಉಪಕರಣಗಳನ್ನು ವಿಮಾನದೊಳಗೆ ಹೊಂದಿಸುವುದು ಇನ್ನು ಮುಂದಿನ ಕೆಲಸ. ಮನೆ ಕಟ್ಟುವಾಗಲೇ ಪೈಪು ಎಲ್ಲಿ ಎಂದು ಹೇಳಿದರೆ ಗಾರೆಯವನು ಜಾಗ ಬಿಡುತ್ತಾನೆ. ಗೃಹಪ್ರವೇಶವಾದ ಮೇಲೆ ಹೇಳಿದರೆ ಗೋಡೆ ಒಡೆಯಬೇಕು.

ಪಿ-8ಐ ವಿಷಯದಲ್ಲಿ ಆದದ್ದು ನೆನಪಿರಲಿ. 2009ರಲ್ಲಿ ಎಂಟು, 2016ರಲ್ಲಿ ಇನ್ನೂ ನಾಲ್ಕು, ಹೀಗೆ ಹನ್ನೆರಡು ವಿಮಾನಗಳನ್ನು ಬೋಯಿಂಗ್‌ನಿಂದ ಕೊಂಡೆವು. ಉತ್ತಮ ವಿಮಾನ. ಆಗ ನಾವು ಹಟ ಹಿಡಿದು ಒಂದು ಸಾಧನ ಹಾಕಿಸಿಕೊಂಡೆವು: ನೀರಿನಡಿಯ ಜಲಾಂತರ್ಗಾಮಿಯ ಕಬ್ಬಿಣದಿಂದ ಭೂಮಿಯ ಕಾಂತಕ್ಷೇತ್ರದಲ್ಲಿ ಆಗುವ ಸಣ್ಣ ವ್ಯತ್ಯಾಸ ಪತ್ತೆಮಾಡುವ ಸಾಧನ. ಅಮೆರಿಕದ ಸ್ವಂತ ಪಿ-8ಎ ವಿಮಾನದಲ್ಲಿ ಅದಿಲ್ಲ. ಆ ಸಾಧನ ಕೆಲಸ ಮಾಡಬೇಕಾದರೆ ಸಮುದ್ರಕ್ಕೆ ತೀರ ಹತ್ತಿರ ಹಾರಬೇಕು, ಎತ್ತರದಲ್ಲೇ ಇರಬೇಕೆಂದಿದ್ದ ಅವರು ಅದನ್ನು ಬಿಟ್ಟರು. ಬಿಟ್ಟ ಮೇಲೆ ಅದೇ ಸಾಧನವನ್ನು ಸೋನೋಬಾಯ್ ಕೊಳವೆಯಿಂದ ಬಿಡುವ ಸಣ್ಣ ವಿಮಾನದಲ್ಲಿ ಕೂರಿಸುವ ಕೆಲಸವನ್ನು ಬಿಎಇ ಸಿಸ್ಟಮ್ಸ್ ಸಂಸ್ಥೆಗೆ ವಹಿಸಿದರು. ದೊಡ್ಡದು ಮೇಲಿರಲಿ, ಸಣ್ಣದು ಕೆಳಗೆ ಹೋಗಲಿ ಎಂಬ ವಿಚಾರ. ನಮಗೆ ಬೇಕಾದದ್ದನ್ನು ಕೇಳಿ ಪಡೆಯುವ ಅಭ್ಯಾಸ ಇದೆ ಎಂದಾಯಿತು. ಮುಂದಿನ ವಿಮಾನಕ್ಕೆ ಕೊಳವೆಯನ್ನೂ ಕೇಳೋಣ.

ಎದುರು ಬರಬಹುದಾದ ಮಾತುಗಳೂ ಇವೆ. ಮೊದಲನೆಯದು ಗೋಪ್ಯತೆ. ಸೇನೆಯ ಉಪಕರಣದ ಅಳತೆಯನ್ನು ಊರಿಗೆಲ್ಲ ಹೇಳುವುದೇ ಎಂದು ಕೇಳುವವರಿದ್ದಾರೆ. ಸೋನೋಬಾಯ್ ಅಳತೆ ದಶಕಗಳಿಂದ ಜಗತ್ತಿಗೆಲ್ಲ ಗೊತ್ತು, ಅದರಿಂದ ಯಾವ ದೇಶವೂ ಸೋತಿಲ್ಲ. ಗುಟ್ಟು ಇರಬೇಕಾದದ್ದು ಕೊಳವೆಯಲ್ಲಲ್ಲ, ಒಳಗಿಡುವ ವಸ್ತುವಿನಲ್ಲಿ, ಅದರ ಸಂಕೇತಗಳಲ್ಲಿ. ಸೋನೋಬಾಯ್‌ಗಳನ್ನೇ ಇಲ್ಲಿ ತಯಾರಿಸಲು ಭಾರತ್ ಡೈನಾಮಿಕ್ಸ್ ಮತ್ತು ಅಲ್ಟ್ರಾ ಮೆರಿಟೈಮ್ ಕೈಜೋಡಿಸುವುದಾಗಿ 2025ರ ಆರಂಭದಲ್ಲಿ ಘೋಷಣೆಯಾಗಿದೆ. ಅದರ ಜೊತೆಗೇ ಈ ಕೊಳವೆಯ ಮಾತೂ ನಡೆಯಬಹುದು.

ಎರಡನೆಯದು ಪರೀಕ್ಷೆ. ಸಣ್ಣ ಘಟಕದವನಿಗೆ ವಿಮಾನ ಯಾರು ಕೊಡುತ್ತಾರೆ? ಅವನಿಗೆ ಮೊದಲ ದಿನವೇ ಪಿ-8ಐ ಬೇಕಿಲ್ಲ. ಚಳಿಪೆಟ್ಟಿಗೆ, ಗಾಳಿ ಸುರಂಗ, ಕೊಳವೆಯಿಂದ ತಳ್ಳಿ ನೋಡುವ ಯಂತ್ರ ಇದ್ದರೆ ತಪ್ಪುಗಳಲ್ಲಿ ಬಹುಪಾಲು ನೆಲದ ಮೇಲೇ ಸಿಕ್ಕಿಬೀಳುತ್ತವೆ. ರಕ್ಷಣಾ ಪರೀಕ್ಷಾ ಸೌಲಭ್ಯಗಳಿಗೆಂದು 2020ರಲ್ಲಿ ಕೇಂದ್ರ ಸರ್ಕಾರ 400 ಕೋಟಿ ರೂಪಾಯಿಯ ಯೋಜನೆ ತಂದಿತು, ವೆಚ್ಚದ ಶೇ 75ರವರೆಗೆ ಅದರಿಂದ ಸಿಗುವಂತಿತ್ತು. ಅಂಥದ್ದೊಂದು ಬಾಗಿಲು ನಾಸಿಕ್ ಮತ್ತು ಸಂಭಾಜಿನಗರದ ನಡುವೆ ತೆರೆಯಲಿ. ನೆಲದ ಪರೀಕ್ಷೆ ಗೆದ್ದವರಿಗೆ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುವ ಡಾರ್ನಿಯರ್ ವಿಮಾನದಿಂದ ಬಿಟ್ಟು ನೋಡುವ ಅವಕಾಶ ಸಿಗಲಿ. ಕೊನೆಗೆ ಉಳಿದ ಒಂದೆರಡಕ್ಕೆ ದೊಡ್ಡ ವಿಮಾನ.

ಮೂರನೆಯದು ವಿದೇಶಿ ಭಾಗಗಳು. ಚೀನಾದ ಬಿಡಿಭಾಗಗಳ ಕಾರಣಕ್ಕೆ ಸೇನೆ 2025ರಲ್ಲಿ ಡ್ರೋನ್ ಗುತ್ತಿಗೆಗಳನ್ನು ರದ್ದು ಮಾಡಿದ್ದು ಸುದ್ದಿಯಾಯಿತು. ಮೋಟಾರಿನ ಆಯಸ್ಕಾಂತ, ಬ್ಯಾಟರಿಯ ಸೆಲ್, ಕ್ಯಾಮೆರಾ ಚಿಪ್ಪು ಎಲ್ಲವನ್ನೂ ನಾಳೆಯೇ ಇಲ್ಲಿ ಮಾಡಲಾಗದು. ಆದರೆ ಕೀಲು, ಸ್ಪ್ರಿಂಗ್, ಪ್ಯಾರಾಚೂಟ್, ರೆಕ್ಕೆ, ಕೊಳವೆ ಇವೆಲ್ಲ ಇವತ್ತೇ ಆಗುತ್ತವೆ. ಅಳತೆ ಗೊತ್ತಿಲ್ಲದ ಕಾರಣಕ್ಕೆ ಅದೂ ನಿಂತಿದೆ.

ನಾಲ್ಕನೆಯದು ನನ್ನನ್ನೂ ಕಾಡುವ ಪ್ರಶ್ನೆ. ಕಣ್ಣಾಗಿ ಹೋಗುವ ಈ ವಸ್ತುವಿನ ಮೂತಿಗೆ ಸಿಡಿಮದ್ದು ತುಂಬಿದರೆ ಅದೇ ಆಯುಧ. ಚಂಡಮಾರುತ ಹೊಕ್ಕ ಕಯೋಟಿಯ ಹೆಸರಿನಲ್ಲೇ ಇಂದು ಡ್ರೋನುಗಳನ್ನು ಹೊಡೆದುರುಳಿಸುವ ಆಯುಧವಿದೆ. ಸೇನೆಗೆ ಆಯುಧವೂ ಬೇಕು, ಅದನ್ನು ಅಲ್ಲಗಳೆಯುವ ಮುಗ್ಧತೆ ನನಗಿಲ್ಲ. ಆದರೆ ಯಾವುದು ಮೊದಲು ಎಂಬುದು ನಮ್ಮ ಕೈಯಲ್ಲಿದೆ. ಮೊದಲ ನೂರು ಕೊಳವೆಗಳು ಹುಡುಕಾಟಕ್ಕೆ, ಚಂಡಮಾರುತದ ಅಳತೆಗೆ, ಹಡಗಿನ ಮೇಲೆ ಯಾರಿದ್ದಾರೆ ಎಂದು ನೋಡುವುದಕ್ಕೆ ಮೀಸಲಾಗಲಿ. 2021ರ ಮೇನಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಮುಂಬೈ ಆಚೆ ಪಿ-305 ಬಾರ್ಜ್ ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಬದುಕುಳಿದವರನ್ನು ಹುಡುಕಲು ಪಿ-8ಐ ಕೂಡ ಹೋಗಿತ್ತು. ನೋಡುವ ಕೆಲಸದಲ್ಲಿ ಪಳಗಿದರೆ ಹೊಡೆಯುವಾಗಲೂ ಕೈ ತಪ್ಪದು.

ಹೊರನಾಡಿನಲ್ಲಿ ದುಡಿಯುವ ನಮಗೆ ಇದರಲ್ಲೊಂದು ಪಾಲಿದೆ. ಓಝರ್‌ನಲ್ಲಿ, ಅರಕ್ಕೋಣದಲ್ಲಿ, ಕಾನ್ಪುರದಲ್ಲಿ, ವಡೋದರದಲ್ಲಿ ಕನ್ನಡ ಬಲ್ಲ ಎಂಜಿನಿಯರುಗಳು ಇದ್ದೇ ಇದ್ದಾರೆ. ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ನಮ್ಮ ಸಹಪಾಠಿಗಳಿದ್ದಾರೆ. ಗುಟ್ಟು ಹಂಚಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ, ಅದು ಸಲ್ಲದು. ಆದರೆ ಟೆಂಡರಿನ ಕರಡು ಬರೆಯುವ ಮೇಜಿನಲ್ಲಿ ಕೂತವರು ಒಂದು ಸಾಲು ಹೆಚ್ಚು ಬರೆಯಬಹುದು. ಈ ಭಾಗ ಯಾವ ಗಾಳಿಯಲ್ಲಿ, ಯಾವ ಚಳಿಯಲ್ಲಿ ಕೆಲಸ ಮಾಡಬೇಕು ಎಂಬ ಒಂದು ಸಾಲು. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲದ ಕಡೆಗಳಲ್ಲೂ ಅದು ಬಿಟ್ಟುಹೋಗುತ್ತಿದೆ.

ನಮ್ಮ ಟೂಲ್‌ರೂಮಿನ ಕಪಾಟಿನಲ್ಲಿ ಆ ಕೀಲಿನ ಎರಡು ಮಾದರಿಗಳು ಇನ್ನೂ ಇವೆ, ಗಟ್ಟಿಯಾದದ್ದೊಂದು, ಮೆದುವಾದದ್ದೊಂದು. ಎರಡಕ್ಕೂ ನಡುವಿನದನ್ನು ಮಾಡಲು ಕಾಕಾಗೆ ಒಂದು ದಿನ ಸಾಕು. ಮುಂದಿನ ವರ್ಷ ಅವರು ನಿವೃತ್ತರಾಗುತ್ತಾರೆ. ಅಷ್ಟರೊಳಗೆ ಅವರ ಪ್ರಶ್ನೆಗೆ ಯಾರಾದರೂ ಉತ್ತರ ಬರೆದು ಕಳಿಸಲಿ.